ಒಂದೇ ತೊಲದ ಗುಂಡು, ಬೇರೆ ಅಳತೆಯ ಮದ್ದು

ಪ್ರಶ್ನೆ: ನನ್ನ ಅಕ್ಕನ ಗಂಡ ಅಮೆರಿಕದ ಕೊಲೊರಾಡೊದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಈ ಸಲ ಅಕ್ಟೋಬರಿನಲ್ಲಿ ಗೆಳೆಯರ ಜೊತೆ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಹೋಗಲು ರೈಫಲ್ ಕೊಳ್ಳುವವರಿದ್ದಾರೆ. ಅಂಗಡಿಯವನು .30-06 ಸ್ಪ್ರಿಂಗ್‌ಫೀಲ್ಡ್ ಮತ್ತು .300 ವಿನ್ಚೆಸ್ಟರ್ ಮ್ಯಾಗ್ನಮ್ ಎಂಬ ಎರಡನ್ನು ತೋರಿಸಿ, ಎರಡನೆಯದಕ್ಕೆ ಎರಡು ಪಟ್ಟು ಶಕ್ತಿ ಇದೆ ಎಂದನಂತೆ. ಕ್ಯಾಲಿಬರ್ ಒಂದೇ ಆದಮೇಲೆ ಶಕ್ತಿ ಎರಡು ಪಟ್ಟು ಹೇಗೆ? ಹೊಸದಾಗಿ ಕಲಿಯುವವರಿಗೆ ಯಾವುದು ಸರಿ? ಇನ್ನೊಂದು ಮಾತು: ನಮ್ಮ ಹೊಲದ ಮೆಕ್ಕೆಜೋಳಕ್ಕೆ ಹಂದಿಗಳ ಕಾಟ ಬಹಳ, ಇಂಥ ರೈಫಲ್ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ? — ರಾಣೆಬೆನ್ನೂರು ತಾಲೂಕಿನ ಓದುಗರು

ಉತ್ತರ: ಅಂಗಡಿಯವನ ಮಾತಿನಲ್ಲಿ ಶಕ್ತಿ ಹೆಚ್ಚು ಎಂಬುದಷ್ಟು ನಿಜ, ಎರಡು ಪಟ್ಟು ಎಂಬುದು ವ್ಯಾಪಾರದ ಮಾತು. ಲೆಕ್ಕ ಹಾಕಿದರೆ ಸಿಗುವ ಹೆಚ್ಚಳ ನೂರಕ್ಕೆ ಇಪ್ಪತ್ತರ ಆಸುಪಾಸಿನದು. ಅದಕ್ಕೆ ತೆರುವ ಬೆಲೆಯಲ್ಲಿ ಒಂದು ಪಾಲು ಹಣದ್ದು, ದೊಡ್ಡ ಪಾಲು ಹೆಗಲಿನದು. ನಾನು ಸೇನೆಯ ಯಂತ್ರ ಮತ್ತು ಆಯುಧಗಳ ದುರಸ್ತಿ ನೋಡಿಕೊಳ್ಳುವ ಇಎಂಇ ವಿಭಾಗದಲ್ಲಿ ಆಯುಧ ದುರಸ್ತಿಗಾರನಾಗಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ನಿವೃತ್ತಿಯ ಬಳಿಕ ನಮೀಬಿಯಾದ ಒಂದು ಬೇಟೆ ಫಾರ್ಮಿನಲ್ಲಿ ಮೂರು ವರ್ಷ ಅತಿಥಿಗಳ ರೈಫಲ್‌ಗಳನ್ನು ನೋಡಿಕೊಂಡಿದ್ದೆ. ಈಗ ಧಾರವಾಡದಲ್ಲಿ ಕೂತು ಬರೆಯುತ್ತಿರುವ ಈ ಉತ್ತರಕ್ಕೆ ಆಧಾರ ಆ ಎರಡು ಕಡೆ ಕೈಯಿಂದ ಹಾದುಹೋದ ಬಂದೂಕುಗಳು.

ಮೊದಲು ಕ್ಯಾಲಿಬರ್ ಎಂಬ ಶಬ್ದದ ಗೊಂದಲವನ್ನು ಬಿಡಿಸಿಕೊಳ್ಳೋಣ. ಅದು ನಳಿಗೆಯ ಬಾಯಿಯ ಅಳತೆಯನ್ನು, ಅದರ ಮೂಲಕ ಗುಂಡಿನ ದಪ್ಪವನ್ನು ಹೇಳುತ್ತದೆಯೇ ಹೊರತು ಹಿಂದೆ ಎಷ್ಟು ಮದ್ದು ತುಂಬಿದೆ ಎಂಬುದನ್ನು ಹೇಳುವುದಿಲ್ಲ. .30-06, .308 ವಿನ್ಚೆಸ್ಟರ್, .300 ವಿನ್ಚೆಸ್ಟರ್ ಮ್ಯಾಗ್ನಮ್ ಈ ಮೂರರಲ್ಲಿಯೂ ಗುಂಡಿನ ವ್ಯಾಸ 0.308 ಇಂಚು, ಅಂದರೆ 7.82 ಮಿಲಿಮೀಟರ್. ಹೆಸರುಗಳು ಮಾತ್ರ ಕಂಪನಿ ಮತ್ತು ಕಾಲಕ್ಕೆ ತಕ್ಕಂತೆ ಬಂದಿವೆ. .30-06 ಎಂಬುದರಲ್ಲಿ ಕೊನೆಯ ಎರಡು ಅಂಕಿಗಳು ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡ 1906ನೆಯ ಇಸವಿಯವು. ನಮ್ಮ ಪೊಲೀಸರು ದಶಕಗಳ ಕಾಲ ಹೊತ್ತು ತಿರುಗಿದ .303ರ ಗುಂಡು ಹೆಸರಿನಲ್ಲಿ ಚಿಕ್ಕದಾಗಿ ಕಂಡರೂ ಅಳತೆಯಲ್ಲಿ ಇವಕ್ಕಿಂತ ಕೂದಲೆಳೆಯಷ್ಟು ದಪ್ಪ. ಆದ್ದರಿಂದ ಹೆಸರಿನ ಅಂಕಿಯನ್ನು ನೋಡಿ ಬಲಾಬಲ ಅಳೆಯಲು ಹೋದರೆ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತೇವೆ.

ಫಾರ್ಮಿನಲ್ಲಿದ್ದಾಗ ಹೊಸ ಕೆಲಸಗಾರರಿಗೆ ಇದನ್ನು ತೋರಿಸಿಕೊಡಲು ಎರಡು ಕಾಡತೂಸುಗಳನ್ನು ಬಿಚ್ಚಿ ಮೇಜಿನ ಮೇಲೆ ಇಡುತ್ತಿದ್ದೆ. ಕಾಡತೂಸು ಎಂದರೆ ನಾಲ್ಕು ವಸ್ತುಗಳ ಜೋಡಣೆ: ಮುಂದೆ ಗುಂಡು, ಬುಡದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಇವೆಲ್ಲವನ್ನೂ ಹಿಡಿದಿಡುವ ಹಿತ್ತಾಳೆಯ ಕೇಸು. ಒಂದರಿಂದ ಬಿಚ್ಚಿದ 180 ಗ್ರೇನಿನ ಗುಂಡನ್ನೂ ಇನ್ನೊಂದರಿಂದ ಬಿಚ್ಚಿದ 180 ಗ್ರೇನಿನ ಗುಂಡನ್ನೂ ಅದಲುಬದಲು ಮಾಡಿ ಇಟ್ಟರೆ ಯಾವುದು ಎಲ್ಲಿಯದು ಎಂದು ನನಗೂ ಹೇಳಲು ಬರುತ್ತಿರಲಿಲ್ಲ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. 180 ಗ್ರೇನ್ ಎಂದರೆ ಸರಿಯಾಗಿ ಒಂದು ತೊಲ. ಈಗ ಹತ್ತು ಗ್ರಾಮನ್ನೇ ತೊಲ ಎಂದು ಕರೆಯುವ ರೂಢಿಯದಲ್ಲ, ಹುಬ್ಬಳ್ಳಿಯ ಸರಾಫರು ಹಿಂದೆ ತೂಗುತ್ತಿದ್ದ 11.66 ಗ್ರಾಮಿನ ಹಳೆಯ ತೊಲ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಮನೆಯಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥ ರೂಪಾಯಿ ಇದ್ದರೆ ಅಂಗೈಯಲ್ಲಿ ಇಟ್ಟು ನೋಡಿರಿ: .30-06 ಆಗಲಿ ಮ್ಯಾಗ್ನಮ್ ಆಗಲಿ ಎಲ್ಕ್‌ನ ಎದೆಗೆ ಕಳಿಸುವುದು ಅಷ್ಟೇ ತೂಕದ ಲೋಹವನ್ನು.

ವ್ಯತ್ಯಾಸ ಇರುವುದು ಕಾಗದದ ಮೇಲೆ ಸುರಿದ ಮದ್ದಿನ ಗುಡ್ಡೆಯಲ್ಲಿ. .30-06ರಿಂದ 56 ಗ್ರೇನಿನ ಆಸುಪಾಸು, ಎಂದರೆ ಸುಮಾರು 3.6 ಗ್ರಾಂ ಮದ್ದು ಬಂದರೆ, ಮ್ಯಾಗ್ನಮ್‌ನಿಂದ 72 ಗ್ರೇನ್, ಸುಮಾರು 4.7 ಗ್ರಾಂ ಬರುತ್ತದೆ. ಮದ್ದಿನ ಜಾತಿಯನ್ನು ಅನುಸರಿಸಿ ಈ ಅಂಕಿಗಳು ಹಿಂದೆಮುಂದೆ ಆಗುತ್ತವೆ, ಪ್ರಮಾಣ ಹೆಚ್ಚುಕಡಿಮೆ ಇದೇ ಉಳಿಯುತ್ತದೆ. ವಿಚಿತ್ರವೆಂದರೆ ಎರಡೂ ಕಾಡತೂಸುಗಳ ಒಟ್ಟು ಉದ್ದದ ಮಿತಿ ಒಂದೇ, 84.8 ಮಿಲಿಮೀಟರ್. 1963ರಲ್ಲಿ ವಿನ್ಚೆಸ್ಟರ್ ಕಂಪನಿ ತನ್ನ ಮ್ಯಾಗ್ನಮ್ ಅನ್ನು ಹೊರತಂದಾಗ .30-06 ಕೂರುವ ಉದ್ದದ ಬೋಲ್ಟ್ (ಕಾಡತೂಸನ್ನು ನಳಿಗೆಗೆ ದೂಡುವ ದಂಡ) ಮತ್ತು ಕಾಡತೂಸು ತುಂಬಿಡುವ ಮ್ಯಾಗಜೀನ್‌ನಲ್ಲಿಯೇ ಇದೂ ಕೂರಬೇಕೆಂದು ಬಯಸಿತ್ತು. ಆದ್ದರಿಂದ ಕೇಸನ್ನು ಉದ್ದಕ್ಕೆ ಹೆಚ್ಚು ಬೆಳೆಸದೆ ಹೊಟ್ಟೆ ದಪ್ಪ ಮಾಡಿ, ಹೆಗಲನ್ನು, ಎಂದರೆ ಕೇಸು ಕತ್ತಿನ ಕಡೆಗೆ ಸಣ್ಣಗಾಗುವ ಭಾಗವನ್ನು, ಮುಂದಕ್ಕೆ ಒತ್ತಿ ಕತ್ತನ್ನು ಗಿಡ್ಡವಾಗಿಸಿತು. ಬುಡದ ಅಂಚು 12 ಮಿಲಿಮೀಟರಿನಿಂದ 13.5ಕ್ಕೆ ಏರಿತು. ಹೊಟ್ಟೆ ಬೆಳೆದವರಿಗೆ ಬೆಂಚಿನಲ್ಲಿ ಹೆಚ್ಚು ಜಾಗ ಬೇಕಾಗುವಂತೆ, .30-06 ನಾಲ್ಕೈದು ಹಿಡಿಸುವ ಮ್ಯಾಗಜೀನ್‌ನಲ್ಲಿ ಇದು ಸಾಮಾನ್ಯವಾಗಿ ಮೂರೇ ಹಿಡಿಸುತ್ತದೆ.

ಮ್ಯಾಗ್ನಮ್ ಎಂಬುದು ಮದ್ಯದ ಬಾಟಲಿಯಿಂದ ಬಂದ ಹೆಸರು. ಮಾಮೂಲಿ ಷಾಂಪೇನ್ ಬಾಟಲಿಯ ಎರಡರಷ್ಟು, ಒಂದೂವರೆ ಲೀಟರ್ ಹಿಡಿಯುವ ಬಾಟಲಿಗೆ ಆ ಹೆಸರಿತ್ತು; ಬ್ರಿಟಿಷ್ ಬಂದೂಕುಗಾರರು ಅದನ್ನು ಹೆಚ್ಚು ಮದ್ದು ಹಿಡಿಯುವ ಕೇಸಿಗೆ ಅಂಟಿಸಿದರು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ 1912ರಲ್ಲಿ ತಂದ .375 ಮ್ಯಾಗ್ನಮ್, 1925ರಲ್ಲಿ ಅದೇ ಕುಲದಿಂದ ಬಂದ .300 ಮ್ಯಾಗ್ನಮ್ ಇವುಗಳೇ ಇಂದಿನ ಬಹುಪಾಲು ಮ್ಯಾಗ್ನಮ್‌ಗಳ ಹಿರಿಯರು. ಆ ಕೇಸುಗಳು ಬುಡದಿಂದ ತುದಿಗೆ ಇಳಿಜಾರಾಗಿ ಸಣ್ಣಗಾಗುತ್ತಿದ್ದವು, ನಳಿಗೆಯ ಗೂಡಿನಲ್ಲಿ ಹಿಡಿದು ನಿಲ್ಲಲು ಸರಿಯಾದ ಹೆಗಲೇ ಇರಲಿಲ್ಲ. ಅದಕ್ಕಾಗಿ ಬುಡದ ಸುತ್ತ ಒಂದು ಉಬ್ಬಿದ ಪಟ್ಟಿಯನ್ನು ಕೊಟ್ಟರು. .300 ವಿನ್ಚೆಸ್ಟರ್ ಮ್ಯಾಗ್ನಮ್‌ಗೆ ಒಳ್ಳೆಯ ಹೆಗಲಿದ್ದರೂ ಆ ಪಟ್ಟಿ ಹಾಗೆಯೇ ಉಳಿದುಕೊಂಡಿದೆ. ಅದು ಹೆಚ್ಚುವರಿ ಬಲಕ್ಕಾಗಿ ಹಾಕಿದ ಬಳೆ ಎಂದು ಎಷ್ಟೋ ಜನ ನಂಬಿದ್ದಾರೆ; ಅದು ಬಲಕ್ಕಲ್ಲ, ಅಜ್ಜನ ಕಾಲದ ಅಳತೆಯ ಗುರುತು ಅಷ್ಟೇ. ಹೆಸರೇ ಪ್ರಮಾಣವಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ: .222 ರೆಮಿಂಗ್ಟನ್ ಮ್ಯಾಗ್ನಮ್ ಎಂಬುದೊಂದಿದೆ, ಅದರ ಇಡೀ ಕಾಡತೂಸು ನಿಮ್ಮ ಕಿರುಬೆರಳಿಗಿಂತ ಸಣ್ಣದು, ಎಲ್ಕ್ ಬೇಟೆಗೆ ಅದನ್ನು ಒಯ್ಯುವಂತಿಲ್ಲ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಒಂದು ತೊಲದ ಗುಂಡನ್ನು .30-06 ಸೆಕೆಂಡಿಗೆ ಸುಮಾರು 2700 ಅಡಿ ವೇಗದಲ್ಲಿ ಹೊರಹಾಕಿದರೆ, ಮ್ಯಾಗ್ನಮ್ ಸುಮಾರು 2960 ಅಡಿ ವೇಗದಲ್ಲಿ ಹೊರಹಾಕುತ್ತದೆ. ಮದ್ದು ನೂರಕ್ಕೆ ಮೂವತ್ತು ಹೆಚ್ಚಾಯಿತು, ವೇಗ ಹೆಚ್ಚಿದ್ದು ನೂರಕ್ಕೆ ಹತ್ತು ಮಾತ್ರ. ಇದು ಯಾರ ತಪ್ಪೂ ಅಲ್ಲ. ನಳಿಗೆಯ ಬಾಯಿ ಎರಡಕ್ಕೂ ಒಂದೇ ಆಗಿರುವುದರಿಂದ, ಗುಂಡಿನ ಹಿಂಭಾಗದ ಮೇಲೆ ಅನಿಲ ಒತ್ತುವ ಜಾಗವೂ ಒಂದೇ; ಮದ್ದಿಗೆ ಮದ್ದು ಸೇರಿಸುತ್ತ ಹೋದಂತೆ ಅದರಲ್ಲಿ ಹೆಚ್ಚಿನ ಪಾಲು ತನ್ನದೇ ಅನಿಲವನ್ನು ನಳಿಗೆಯ ಹೊರಗೆ ದೂಡಲು, ಲೋಹವನ್ನು ಕಾಯಿಸಲು, ತುದಿಯಲ್ಲಿ ಬೆಂಕಿಯಾಗಿ ಸಿಡಿಯಲು ಖರ್ಚಾಗುತ್ತದೆ. ಕೇಸಿನ ಒಳಜಾಗ ನೂರಕ್ಕೆ ನಾಲ್ಕು ಹೆಚ್ಚಿದರೆ ವೇಗ ನೂರಕ್ಕೆ ಒಂದು ಹೆಚ್ಚೀತು ಎಂಬುದು ಕಾಡತೂಸು ತುಂಬುವವರ ಹಳೆಯ ಅಂದಾಜು, ಇಲ್ಲಿಯೂ ಅದು ಹೆಚ್ಚುಕಡಿಮೆ ಹೊಂದುತ್ತದೆ. ಮ್ಯಾಗ್ನಮ್‌ನ ಒತ್ತಡದ ಮಿತಿಯೂ ತುಸು ಮೇಲಿದೆ, ಚದರ ಇಂಚಿಗೆ 60,000 ಪೌಂಡ್ ಬದಲು 64,000. ಶಕ್ತಿ ವೇಗದ ವರ್ಗದಂತೆ ಏರುವುದರಿಂದ 3950 ಜೌಲ್ ಇದ್ದದ್ದು 4740 ಜೌಲ್ ಆಗುತ್ತದೆ. ನಾನು ಮೊದಲು ಹೇಳಿದ ನೂರಕ್ಕೆ ಇಪ್ಪತ್ತು ಬಂದದ್ದು ಇಲ್ಲಿಂದ.

ಈ ಇಪ್ಪತ್ತನ್ನು ಶಕ್ತಿಯಾಗಿ ನೋಡುವುದಕ್ಕಿಂತ ದೂರವಾಗಿ ನೋಡುವುದು ಮೇಲೆಂದು ನನ್ನ ಅಭಿಪ್ರಾಯ. ಗುಂಡು ಒಂದೇ ಆಗಿರುವುದರಿಂದ ಗಾಳಿ ಅದನ್ನು ತಡೆಯುವ ಬಗೆಯೂ ಒಂದೇ. ಮ್ಯಾಗ್ನಮ್‌ನಿಂದ ಹೊರಟ ಗುಂಡು ಸುಮಾರು 125 ಗಜ ಕ್ರಮಿಸುವ ಹೊತ್ತಿಗೆ ಅದರ ವೇಗ 2700 ಅಡಿಗೆ ಇಳಿದಿರುತ್ತದೆ, ಅಲ್ಲಿಂದ ಮುಂದೆ ಅದು .30-06ರ ಗುಂಡೇ. ಅಂದರೆ ಮ್ಯಾಗ್ನಮ್ ಕೊಳ್ಳುವವನು ಅದೇ .30-06 ಅನ್ನು 125 ಗಜ ಮುಂದೆ ಒಯ್ದು ನಿಲ್ಲಿಸಿದಂತೆ. 400 ಗಜದಲ್ಲಿ ಮ್ಯಾಗ್ನಮ್ ಮಾಡುವ ಕೆಲಸವನ್ನು .30-06 ರೈಫಲ್ 275 ಗಜದಲ್ಲಿ ಮಾಡುತ್ತದೆ. ಬಾಗಿ, ತೆವಳಿ, ಗಾಳಿಯ ದಿಕ್ಕು ನೋಡಿಕೊಂಡು ಅಷ್ಟು ಹತ್ತಿರ ಹೋಗಲು ನಿಮ್ಮ ಭಾವನವರಿಗೆ ಮನಸ್ಸೂ ಮೊಣಕಾಲೂ ಇದ್ದರೆ ಈ ಅಂತರವನ್ನು ಕಾಲಿನಿಂದಲೇ ತುಂಬಿಕೊಳ್ಳಬಹುದು.

ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಎರಡರ ಸ್ಕೋಪನ್ನೂ, ಎಂದರೆ ಮೇಲಿನ ಗುರಿ ದುರ್ಬೀನನ್ನೂ, 200 ಗಜದಲ್ಲಿ ಗುಂಡು ಸರಿಯಾಗಿ ಗುರಿಗೆ ಬೀಳುವಂತೆ ಕೂಡಿಸಿಟ್ಟರೆ, 300 ಗಜದಲ್ಲಿ .30-06ರ ಗುಂಡು ಸುಮಾರು ಎಂಟೂವರೆ ಇಂಚು, ಮ್ಯಾಗ್ನಮ್‌ನದು ಸುಮಾರು ಏಳು ಇಂಚು ಇಳಿಯುತ್ತದೆ. 400 ಗಜದಲ್ಲಿ ಅದು 24 ಇಂಚು, ಇದು 20 ಇಂಚು. ಎಲ್ಕ್‌ನ ಹೃದಯ ಮತ್ತು ಪುಪ್ಪುಸಗಳಿರುವ ಜಾಗ ನಮ್ಮ ಊಟದ ತಾಟಿನಷ್ಟು, ಒಂದಡಿಗೂ ತುಸು ಹೆಚ್ಚು ಅಗಲದ್ದು. 300 ಗಜದೊಳಗೆ ಒಂದೂವರೆ ಇಂಚಿನ ವ್ಯತ್ಯಾಸ ಆ ತಾಟಿನಲ್ಲಿ ಉಪ್ಪಿನಕಾಯಿ ಬಡಿಸುವಷ್ಟು ಜಾಗ. 400 ಗಜದಲ್ಲಿ ಎರಡೂ ಎರಡು ಅಡಿಯ ಹತ್ತಿರ ಇಳಿಯುವುದರಿಂದ, ಯಾವ ರೈಫಲ್ ಹಿಡಿದರೂ ದೂರವನ್ನು ಯಂತ್ರದಿಂದ ಅಳೆದು ಸ್ಕೋಪ್ ತಿರುಗಿಸಿಕೊಳ್ಳಲೇಬೇಕು. ಅಳೆಯದೆ ಅಂದಾಜಿನಲ್ಲಿ ಹೊಡೆಯುವವನಿಗೆ ಮ್ಯಾಗ್ನಮ್ ಕೂಡ ಕ್ಷಮೆ ತೋರಿಸುವುದಿಲ್ಲ. ಅಡ್ಡಗಾಳಿಯಲ್ಲಿಯೂ ಅಷ್ಟೆ: ಗಂಟೆಗೆ ಹತ್ತು ಮೈಲಿಯ ಗಾಳಿಯಲ್ಲಿ 400 ಗಜದ ಹೊತ್ತಿಗೆ ಎರಡೂ ಸುಮಾರು ಒಂದಡಿ ಸರಿಯುತ್ತವೆ, ಮ್ಯಾಗ್ನಮ್‌ನದು ಒಂದೆರಡು ಇಂಚು ಕಡಿಮೆ.

ಕೊಲೊರಾಡೊದ ವಿಷಯದಲ್ಲಿ ಅಂಗಡಿಯವನು ಹೇಳದ ಒಂದು ಮಾತಿದೆ. ಅಲ್ಲಿ ಎಲ್ಕ್ ಸಿಗುವ ಕಾಡುಗಳಲ್ಲಿ ಬಹಳಷ್ಟು ಎಂಟು ಹತ್ತು ಸಾವಿರ ಅಡಿ ಎತ್ತರದಲ್ಲಿವೆ. ಮೂರು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ನೂರಕ್ಕೆ ಇಪ್ಪತ್ತೈದಕ್ಕೂ ತುಸು ಜಾಸ್ತಿಯೇ ಇಳಿದಿರುತ್ತದೆ, ಆದ್ದರಿಂದ ಗುಂಡಿಗೆ ತಡೆಯೂ ಅಷ್ಟೇ ಕಡಿಮೆ. ಸಮುದ್ರಮಟ್ಟದಲ್ಲಿ 300 ಗಜ ದಾಟುವ ಹೊತ್ತಿಗೆ 2140 ಅಡಿಗೆ ಇಳಿಯುವ .30-06ರ ಗುಂಡು ಅಲ್ಲಿ 2270ರ ಆಸುಪಾಸಿನಲ್ಲಿ ಉಳಿದಿರುತ್ತದೆ. ಮ್ಯಾಗ್ನಮ್‌ಗೂ ಈ ಲಾಭ ಸಿಗುತ್ತದೆ ಎಂಬುದು ಸರಿಯೇ; ಆದರೆ ಪ್ರಶ್ನೆ ಇರುವುದು .30-06 ಸಾಕಾಗುತ್ತದೆಯೇ ಎಂಬುದರಲ್ಲಿ, ಮತ್ತು ಮ್ಯಾಗ್ನಮ್ ಕೊಡುವ ಹೆಚ್ಚುವರಿಯಲ್ಲಿ ಸುಮಾರು ಅರ್ಧವನ್ನು ಬೆಟ್ಟದ ಗಾಳಿ ಪುಕ್ಕಟೆಯಾಗಿ ಕೊಟ್ಟುಬಿಡುತ್ತದೆ. ಕೊಲೊರಾಡೊದ ನಿಯಮವನ್ನೇ ಅಳತೆಗೋಲಾಗಿ ಹಿಡಿದರೂ, ಎಲ್ಕ್‌ಗೆ ಕನಿಷ್ಠ 85 ಗ್ರೇನಿನ ಗುಂಡು ಮತ್ತು 100 ಗಜದಲ್ಲಿ 1000 ಅಡಿ-ಪೌಂಡ್ (ಸುಮಾರು 1350 ಜೌಲ್) ಶಕ್ತಿ ಇದ್ದರೆ ಸಾಕು. ಅಷ್ಟು ದೂರದಲ್ಲಿ .30-06ಗೆ ಎರಡೂವರೆ ಸಾವಿರ, ಮ್ಯಾಗ್ನಮ್‌ಗೆ ಮೂರು ಸಾವಿರ ಇರುತ್ತದೆ. ನಾನು ಕೆಲಸ ಮಾಡಿದ ನಮೀಬಿಯಾದಲ್ಲಿ ಕೂಡು ಮತ್ತು ಓರಿಕ್ಸ್‌ನಂಥ ದೊಡ್ಡ ಜಿಂಕೆಗಳಿಗೆ 2700 ಜೌಲ್, ಕಾಡೆಮ್ಮೆ ಮತ್ತು ಆನೆಗೆ 5400 ಜೌಲ್ ಎಂದು ಕಾನೂನು ಗೆರೆ ಎಳೆದಿತ್ತು. ನಮ್ಮ ಎರಡು ಕಾಡತೂಸುಗಳೂ ಮೊದಲ ಗೆರೆಯ ಮೇಲೆ, ಎರಡನೆಯ ಗೆರೆಯ ಕೆಳಗೆ ಒಟ್ಟಿಗೇ ನಿಲ್ಲುತ್ತಿದ್ದವು. ಮ್ಯಾಗ್ನಮ್ ಎಂಬ ಹೆಸರಿನಿಂದ ಯಾರಿಗೂ ಕಾಡೆಮ್ಮೆಯ ಪರವಾನಗಿ ಸಿಗುತ್ತಿರಲಿಲ್ಲ.

ಇನ್ನು ಒದೆತ, ಎಂದರೆ ಗುಂಡು ಹೊರಟಾಗ ರೈಫಲ್ ಹಿಂದಕ್ಕೆ ಬಂದು ಹೆಗಲಿಗೆ ಕೊಡುವ ಪೆಟ್ಟು. ಎಂಟು ಪೌಂಡಿನ ರೈಫಲ್‌ನಲ್ಲಿ .30-06ರ ಒದೆತ ಸುಮಾರು 20 ಅಡಿ-ಪೌಂಡ್, ಮ್ಯಾಗ್ನಮ್‌ನದು 27. ವೇಗದಲ್ಲಿ ಹತ್ತನೆಯ ಒಂದು ಪಾಲು ಗಳಿಸಿದವನು ಹೆಗಲಿನಲ್ಲಿ ಮೂರನೆಯ ಒಂದು ಪಾಲು ಹೆಚ್ಚು ತೆರುತ್ತಾನೆ. ಗುಂಡಿನಂತೆಯೇ ಮದ್ದಿನ ಅನಿಲವೂ ಮುಂದಕ್ಕೆ ಚಿಮ್ಮುವ ಭಾರವಾಗಿರುವುದೇ ಇದಕ್ಕೆ ಕಾರಣ. ಅಂಕಿಯಲ್ಲಿ ಏಳು ಎಂದರೆ ಸಣ್ಣದಾಗಿ ಕಾಣುತ್ತದೆ, ಆದರೆ ಹೊಸಬರಲ್ಲಿ ಬಹುಪಾಲು ಜನಕ್ಕೆ ಸಹಿಸಿಕೊಂಡು ಕಲಿಯಲು ಆಗುವ ಮಿತಿ ಇಪ್ಪತ್ತರ ಹತ್ತಿರವೇ ಇರುತ್ತದೆ ಎಂಬುದು ನನ್ನ ಅನುಭವ. ನಾನೇನು ಹೊಸಬನಲ್ಲ, ಸೇನೆಯಲ್ಲಿ ದಿನಕ್ಕೆ ನೂರು ಗುಂಡು ಹೊಡೆದು ರೈಫಲ್ ಪರೀಕ್ಷಿಸಿದವನು. ಆ ಗರ್ವದಲ್ಲಿಯೇ ಫಾರ್ಮಿಗೆ ಹೋದ ಮೊದಲ ತಿಂಗಳು ಒಬ್ಬ ಅತಿಥಿಯ ಹಗುರಾದ ಮ್ಯಾಗ್ನಮ್ ಅನ್ನು ಬೆಂಚಿನ ಮೇಲೆ ಇಟ್ಟು ಗುರಿ ಕೂಡಿಸಲು ಕುಳಿತೆ. ಮೊದಲ ನಾಲ್ಕು ಗುಂಡುಗಳು ಒಂದೂವರೆ ಇಂಚಿನೊಳಗೆ ಕೂಡಿಬಿದ್ದವು. ಐದನೆಯದಕ್ಕೆ ಕೆನ್ನೆಯನ್ನು ರೈಫಲ್ಲಿನ ಹಿಂತುದಿಯ ಬಟ್‌ಗೆ ಸರಿಯಾಗಿ ಒತ್ತದೆ ಮುಂದಕ್ಕೆ ಚಾಚಿದ್ದೆ, ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ಅರ್ಧ ಚಂದ್ರದ ಗಾಯವಾಯಿತು. ಅದು ಮಾಯ್ದು ಹೋಯಿತು, ಹುಬ್ಬಿನ ಮೇಲೆ ಗೆರೆ ಮಾತ್ರ ಉಳಿದಿದೆ. ಮಾಯದೆ ಉಳಿದದ್ದು ಬೇರೆ: ಏಳನೆಯ ಗುಂಡಿನ ಹೊತ್ತಿಗೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಿದ್ದೆ ಎಂದು ಪಕ್ಕದಲ್ಲಿ ನಿಂತ ಹುಡುಗ ಹೇಳಿದಾಗ ನಂಬಲಿಲ್ಲ. ಅವನು ನನಗೆ ಗೊತ್ತಾಗದಂತೆ ಮ್ಯಾಗಜೀನ್‌ನಲ್ಲಿ ಒಂದು ಮದ್ದಿಲ್ಲದ ಹುಸಿ ಕಾಡತೂಸು ಸೇರಿಸಿಟ್ಟ. ಟಕ್ ಎಂದು ಖಾಲಿ ಸದ್ದಾದಾಗ ನಳಿಗೆಯ ತುದಿ ಮೂರು ಬೆರಳಷ್ಟು ಕೆಳಕ್ಕೆ ಕುಕ್ಕಿತು, ನಾನೇ ಕಣ್ಣಾರೆ ಕಂಡೆ. ಒದೆತ ಬರುತ್ತದೆಂದು ಮೈ ಮೊದಲೇ ಸೆಟೆದುಕೊಳ್ಳುವ ಈ ರೋಗವನ್ನು ಬಿಡಿಸಿಕೊಳ್ಳಲು ನನಗೆ ಎರಡು ತಿಂಗಳು .22 ರೈಫಲ್‌ನಲ್ಲಿ ಮತ್ತೆ ಅಕ್ಷರಾಭ್ಯಾಸ ಮಾಡಬೇಕಾಯಿತು.

ಹಾಗಾಗಿ ಫಾರ್ಮಿನಲ್ಲಿ ನನಗೆ ಒಂದು ರೂಢಿ ಬಂತು. ಹೊಸ ಮ್ಯಾಗ್ನಮ್ ಹೊತ್ತು ಬಂದ ಅತಿಥಿ ಮೊದಲ ದಿನ ಗುರಿಹಲಗೆಯ ಮುಂದೆ ಹೇಗೆ ಹೊಡೆಯುತ್ತಾನೆ ಎಂದು ನೋಡಿ, ಹುಸಿ ಕಾಡತೂಸಿಗೆ ನಳಿಗೆ ಕುಕ್ಕಿದರೆ ಫಾರ್ಮಿನ ಹಳೆಯ .30-06 ಅನ್ನು ಸುಮ್ಮನೆ ಮುಂದಿಡುತ್ತಿದ್ದೆ. ಒಬ್ಬರು ಒಪ್ಪಲಿಲ್ಲ. ಅವರು ಹೊಡೆದ ಓರಿಕ್ಸ್‌ಗೆ ಗುಂಡು ಹೊಟ್ಟೆಯ ಹಿಂಭಾಗಕ್ಕೆ ಬಿದ್ದು, ನಾವು ನಾಲ್ಕು ಜನ ಮುಳ್ಳುಕಂಟಿಗಳಲ್ಲಿ ಸಂಜೆಯವರೆಗೆ ರಕ್ತದ ಜಾಡು ಹಿಡಿದು ನಡೆದೆವು. ದೂರ ಇದ್ದದ್ದು 160 ಗಜ. ಅಷ್ಟು ದೂರಕ್ಕೆ ಅವರ ಬಳಿ ಇದ್ದ ಹೆಚ್ಚುವರಿ ಶಕ್ತಿ ಯಾವ ಕೆಲಸಕ್ಕೂ ಬರಲಿಲ್ಲ, ಹೆಚ್ಚುವರಿ ಒದೆತ ಮಾತ್ರ ತನ್ನ ಕೆಲಸ ಮಾಡಿತು. ಇದಕ್ಕೆ ತದ್ವಿರುದ್ಧ ಉದಾಹರಣೆಯಾಗಿ ಕರಾಮೋಜೊ ಬೆಲ್ ಎಂದೇ ಹೆಸರಾದ ಸ್ಕಾಟ್ಲೆಂಡಿನ ಬೇಟೆಗಾರನನ್ನು ನೆನೆಯುತ್ತಾರೆ: 1892ರ ಮೌಸರ್ ಕಾಡತೂಸಾದ, .30-06ಗಿಂತಲೂ ಮೆದುವಾದ 7x57ರಿಂದಲೇ ಆತ ನೂರಾರು ಆನೆಗಳನ್ನು ಕೊಂದ. ಆನೆಗೆ ಅದು ಸಾಕು ಎಂದು ಇದರ ಅರ್ಥವಲ್ಲ. ಆತ ಆನೆಯ ಮೂಳೆಗೂಡನ್ನು ಕುಯ್ದು ನೋಡಿ ಕಲಿತವನು, ಇಂದಿನ ಕಾನೂನೂ ಅದನ್ನು ಒಪ್ಪುವುದಿಲ್ಲ. ಆದರೂ ಪ್ರಾಣಿಯನ್ನು ಕೆಡಹುವುದು ಗುಂಡು ಬಿದ್ದ ಜಾಗವೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಗುಂಡಿನ ಜಾತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಮ್ಯಾಗ್ನಮ್ ಕೊಂಡವರು ಎಡವುವ ಎರಡನೆಯ ಜಾಗ ಇದು. ಬೇಟೆಯ ಗುಂಡು ಮೈಯೊಳಗೆ ಹೋದಮೇಲೆ ಅಣಬೆಯಂತೆ ಅರಳಬೇಕು, ಅರಳಿದಮೇಲೂ ಒಡೆಯದೆ ಒಳಕ್ಕೆ ಸಾಗಬೇಕು. ತಾಮ್ರದ ಹೊದಿಕೆಯೊಳಗೆ ಸೀಸ ತುಂಬಿದ ಮಾಮೂಲಿ ಗುಂಡು .30-06ರ ವೇಗದಲ್ಲಿ ಹದವಾಗಿ ಅರಳುತ್ತದೆ. ಅದನ್ನೇ ಮ್ಯಾಗ್ನಮ್‌ನಿಂದ ಐವತ್ತು ಗಜದಲ್ಲಿ ಹೊಡೆದರೆ ಭುಜದ ಮೂಳೆಗೆ ತಾಗಿದ ಕ್ಷಣವೇ ಚೂರಾಗಿ, ಒಳಗೆ ಹೋಗುವ ಬದಲು ಮೇಲ್ಮಾಂಸವನ್ನು ರಕ್ತದ ಮುದ್ದೆ ಮಾಡಬಹುದು. 1946ರಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ .300 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಹಿಡಿದು ಮೂಸ್ ಎಂಬ ಭಾರೀ ಜಿಂಕೆಯ ಬೇಟೆಗೆ ಹೋಗಿದ್ದರು. ಕೆಸರು ಮೆತ್ತಿದ ಅದರ ಭುಜಕ್ಕೆ ಗುಂಡಿನ ಮೇಲೆ ಗುಂಡು ಬಿದ್ದರೂ ಒಳಗೆ ಇಳಿಯಲಿಲ್ಲ. ವೇಗ ಹೆಚ್ಚಿದ್ದರಿಂದಲೇ ಅವು ಹೊರಗೇ ಒಡೆದುಹೋಗುತ್ತಿದ್ದವು. ಊರಿಗೆ ಮರಳಿದ ಅವರು ನಡುವೆ ತಾಮ್ರದ ಅಡ್ಡಗೋಡೆ ಇರುವ ಗುಂಡನ್ನು ರೂಪಿಸಿದರು, ಮುಂಭಾಗ ಅರಳಿದರೂ ಹಿಂಭಾಗ ಗಟ್ಟಿಯಾಗಿ ಸಾಗುವಂಥದ್ದು; 1948ರಿಂದ ಅದು ಪಾರ್ಟಿಷನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಭಾವನವರು ಮ್ಯಾಗ್ನಮ್ ಕೊಂಡರೆ ಇಂಥ ಗಟ್ಟಿ ಗುಂಡನ್ನೋ ಪೂರ್ತಿ ತಾಮ್ರದ ಗುಂಡನ್ನೋ ಕೊಳ್ಳಬೇಕು, ಅದರ ಬೆಲೆಯೂ ಲೆಕ್ಕದಲ್ಲಿರಲಿ. .30-06 ಕೊಂಡರೆ ಒಳ್ಳೆಯ ಮಾಮೂಲಿ ಗುಂಡಿನಿಂದಲೂ ಕೆಲಸ ನಡೆಯುತ್ತದೆ.

ನಳಿಗೆಯ ಆಯುಷ್ಯ, ಕಾಡತೂಸಿನ ಬೆಲೆ, ಸದ್ದು ಇವುಗಳ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಮೂರರಲ್ಲಿಯೂ ಮ್ಯಾಗ್ನಮ್ ಹೆಚ್ಚು ಕೇಳುತ್ತದೆ. ಅದೇ ಬಾಯಿಯ ನಳಿಗೆಯಲ್ಲಿ ಹೆಚ್ಚು ಮದ್ದು ಉರಿದರೆ ನಳಿಗೆಯ ಗಂಟಲು ಬೇಗ ಸವೆಯುತ್ತದೆ. ವರ್ಷಕ್ಕೆ ನಲವತ್ತು ಗುಂಡು ಹೊಡೆಯುವ ಬೇಟೆಗಾರನಿಗೆ ಇದು ಚಿಂತೆಯಲ್ಲ. ನಳಿಗೆಯ ಉದ್ದ ಮಾತ್ರ ನೋಡಿಕೊಳ್ಳಬೇಕಾದದ್ದು. ಮ್ಯಾಗ್ನಮ್ ತನ್ನ 2960 ಅಡಿಯನ್ನು ಕೊಡಲು 24ರಿಂದ 26 ಇಂಚಿನ ನಳಿಗೆ ಬೇಕು. ಬೆಟ್ಟ ಹತ್ತಲು ಹಗುರಾಗಲಿ ಎಂದು 20 ಇಂಚಿನದನ್ನು ಕೊಂಡವನು ಮ್ಯಾಗ್ನಮ್‌ನ ಒದೆತ ಮತ್ತು ಸದ್ದನ್ನು ಪೂರ್ತಿ ಕೊಂಡು ವೇಗದ ಲಾಭದಲ್ಲಿ ದೊಡ್ಡ ಪಾಲನ್ನು ಅಂಗಡಿಯಲ್ಲಿಯೇ ಬಿಟ್ಟು ಬಂದಂತೆ.

ಹಾಗಾದರೆ ಮ್ಯಾಗ್ನಮ್ ಯಾರಿಗೆ? 200 ಗ್ರೇನ್ ಮತ್ತು ಅದಕ್ಕೂ ಭಾರವಾದ ಉದ್ದನೆಯ ಗುಂಡುಗಳನ್ನು ದೂರಕ್ಕೆ ಕಳಿಸಬೇಕಾದವರಿಗೆ. ಅಲ್ಲಿ .30-06ಗೆ ಮದ್ದಿನ ಜಾಗ ಸಾಲದೆ ಏದುಸಿರು ಬರುತ್ತದೆ, ಮ್ಯಾಗ್ನಮ್‌ಗೆ ನಿಜವಾದ ಮೇಲುಗೈ ಸಿಗುತ್ತದೆ. 1935ರಲ್ಲಿ ಬೆನ್ ಕಂಫರ್ಟ್ ಎಂಬುವರು ಅಮೆರಿಕದ ಕ್ಯಾಂಪ್ ಪೆರಿಯಲ್ಲಿ ಸಾವಿರ ಗಜದ ಗುರಿ ಹೊಡೆಯುವ ಸ್ಪರ್ಧೆಯಾದ ವಿಂಬಲ್ಡನ್ ಕಪ್ ಗೆದ್ದದ್ದು .300 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್‌ನಿಂದ. ಅಂಥ ದೂರದಲ್ಲಿ ಹತ್ತರಲ್ಲೊಂದು ಪಾಲು ವೇಗವೂ ಗಾಳಿಯ ವಿರುದ್ಧ ದೊಡ್ಡ ಆಸ್ತಿ. ಹಾಗೆಯೇ ಮರಗಳಿಲ್ಲದ ಕಣಿವೆಗಳಲ್ಲಿ 350 ಗಜಕ್ಕಿಂತ ಹತ್ತಿರ ಹೋಗಲು ಮರೆಯೇ ಸಿಗದ ಕಡೆ, ವರ್ಷವಿಡೀ ಅಭ್ಯಾಸ ಮಾಡಿ ಒದೆತವನ್ನು ಮೈಗೂಡಿಸಿಕೊಂಡವರ ಕೈಯಲ್ಲಿ ಮ್ಯಾಗ್ನಮ್ ಒಳ್ಳೆಯ ಆಯುಧ. ಅದನ್ನು ನಾನು ಹಳಿಯುವುದಿಲ್ಲ. ಇದೇ ತರ್ಕ 7 ಮಿಲಿಮೀಟರಿನಲ್ಲಿ 7x57 ಮತ್ತು 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಎಂಬ ಜೋಡಿಗೂ, .270ರಲ್ಲಿ ವಿನ್ಚೆಸ್ಟರ್ ಮತ್ತು ವೆದರ್ಬಿ ಜೋಡಿಗೂ ಅಂಕಿ ಬದಲಿಸಿದರೆ ಹೊಂದುತ್ತದೆ.

ನಿಮ್ಮ ಭಾವನವರು ಹೊಸದಾಗಿ ಕಲಿಯುವವರು, ಮೊದಲ ಎಲ್ಕ್‌ಗೆ ಹೊರಟವರು. ಅವರಿಗೆ ನನ್ನ ಸಲಹೆ .30-06, 22 ಅಥವಾ 24 ಇಂಚಿನ ನಳಿಗೆ, 165 ಇಲ್ಲವೇ 180 ಗ್ರೇನಿನ ಗುಂಡು. ಎರಡು ರೈಫಲ್‌ಗಳ ನಡುವಿನ ಬೆಲೆಯ ವ್ಯತ್ಯಾಸವಿದ್ದರೆ ಅದನ್ನು ಕಾಡತೂಸಿಗೆ ಹಾಕಿ, ಸೆಪ್ಟೆಂಬರ್ ಮುಗಿಯುವುದರೊಳಗೆ ಕನಿಷ್ಠ ನೂರು ಗುಂಡುಗಳನ್ನು ಹೊಡೆಯಲಿ. ಬೆಂಚಿನ ಮೇಲೆ ಇಪ್ಪತ್ತು ಸಾಕು, ಉಳಿದವನ್ನು ಕುಳಿತು, ಮೊಣಕಾಲೂರಿ, ಬೆಟ್ಟ ಹತ್ತಿ ಬಂದವರಂತೆ ಏದುಸಿರಿನಲ್ಲಿ ಹೊಡೆಯಲಿ. ಒಂದು ಎಚ್ಚರಿಕೆ: ಗೆಳೆಯರ ಬಳಿ ಮ್ಯಾಗ್ನಮ್ ಅಥವಾ .308 ಇದ್ದರೆ ಕಾಡತೂಸುಗಳನ್ನು ಒಂದೇ ಚೀಲದಲ್ಲಿ ಇಡುವುದು ಬೇಡ. .308 ವಿನ್ಚೆಸ್ಟರ್ ಗಿಡ್ಡವಾಗಿರುವುದರಿಂದ .30-06ರ ಗೂಡಿನೊಳಗೆ ಜಾರಿ ಕೂತುಬಿಡಬಹುದು, ಹೊಡೆದರೆ ಕೇಸು ಸೀಳಿ ಬಿಸಿ ಅನಿಲ ಮುಖಕ್ಕೆ ನುಗ್ಗುವ ಅಪಾಯವಿದೆ. ಗುಂಡಿನ ದಪ್ಪ ಒಂದೇ ಆದರೂ ಕಾಡತೂಸು ಒಂದೇ ಅಲ್ಲ. ನಳಿಗೆಯ ಮೇಲೆ ಕೊರೆದ ಹೆಸರೂ ಕೇಸಿನ ಬುಡದ ಹೆಸರೂ ಅಕ್ಷರಶಃ ಒಂದೇ ಇರಬೇಕು.

ಕೊಳ್ಳುವ ಮೊದಲು ಅವರ ವೀಸಾದ ವಿಷಯವನ್ನೂ ನೋಡಿಕೊಳ್ಳಲಿ. ಎಚ್‌-1ಬಿಯಂಥ ತಾತ್ಕಾಲಿಕ ಕೆಲಸದ ವೀಸಾದ ಮೇಲಿರುವವರು ಬಂದೂಕು ಅಥವಾ ಕಾಡತೂಸು ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಇದೆ. ಆ ಪರವಾನಗಿಗೆ ಕೊಲೊರಾಡೊದಲ್ಲಿ ಬೇಟೆಗಾರರ ಶಿಕ್ಷಣದ ಕೋರ್ಸ್ ಮುಗಿಸಬೇಕು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಕೋರ್ಸು, ನಂತರ ಪರವಾನಗಿ, ಕೊನೆಗೆ ಅಂಗಡಿ. ರೈಫಲ್ ಬೇಟೆಯ ದಿನಗಳಲ್ಲಿ ಮೈಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆಯೂ ಕಡ್ಡಾಯ.

ಕೊನೆಯದಾಗಿ ನಿಮ್ಮ ಮೆಕ್ಕೆಜೋಳದ ಹೊಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಂದಿಯನ್ನು ಅಧಿಕೃತ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ, ಬೆಳೆ ಹಾಳಾದದ್ದಕ್ಕೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕುವುದೇ ನೇರ ದಾರಿ. ಕಾನೂನನ್ನು ಬದಿಗಿಟ್ಟು ಬರೀ ಆಯುಧದ ದೃಷ್ಟಿಯಿಂದ ನೋಡಿದರೂ ಇದು ಅಲ್ಲಿಗೆ ಹೊಂದದ ವಸ್ತು. ನಿಮ್ಮ ಕಡೆಯ ಎರೆಹೊಲ ತಾಟಿನಂತೆ ಸಮತಟ್ಟು, ಗುಂಡನ್ನು ತಡೆಯಲು ಹಿಂದೆ ಗುಡ್ಡವಿಲ್ಲ, ತಪ್ಪಿದ .30-06ರ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು, ಅಷ್ಟರಲ್ಲಿ ಎರಡು ಊರು, ಒಂದು ರಸ್ತೆ, ರಾತ್ರಿ ನೀರು ಹಾಯಿಸಲು ಮೋಟಾರಿನ ಬಳಿ ಕೂತ ನಾಲ್ಕಾರು ಜನ ಇರುತ್ತಾರೆ. ಭಾವನವರು ರೈಫಲ್ ಅನ್ನು ಊರಿಗೆ ಬರುವಾಗ ಜೊತೆಗೆ ತರುವ ಯೋಚನೆ ಮಾಡಿದ್ದರೆ ಅದನ್ನೂ ಕೈಬಿಡಲಿ. ಇಲ್ಲಿನ ಪರವಾನಗಿ ಮತ್ತು ಆಮದಿನ ನಿಯಮಗಳು ಅಷ್ಟು ಸಡಿಲವಾಗಿಲ್ಲ, ವಿಮಾನ ನಿಲ್ದಾಣದಲ್ಲಿಯೇ ಅದು ಜಪ್ತಿಯಾಗುತ್ತದೆ.